ಲೋಟದಲ್ಲಿ ಇಳಿಸಿಕೊಟ್ಟ ದನಿ

ನಮ್ಮ ಡಿಪೋದ ಬಸ್ಸುಗಳು ಮ್ಯಾನೇಜರ್ ದನಿ ಕೇಳಿದರೆ ಮಾತ್ರ ಹೊರಡುತ್ತವೆ. ಮ್ಯಾನೇಜರು ಇಬ್ಬರು, ನಾನು ಮತ್ತು ಮರಿಸ್ವಾಮಿ. ಆತ ದಿನಾ ಬೆಳಿಗ್ಗೆ ಬಿಸಿನೀರಿನ ಲೋಟಕ್ಕೆ ತನ್ನ ದನಿ ಇಳಿಸಿ, ಹೊಸಬರಲ್ಲಿ ಒಬ್ಬರಿಗೆ ಕುಡಿಯಲು ಕೊಡುತ್ತಾನೆ; ಆ ದಿನ ಆ ದನಿಯಲ್ಲಿ ಬಸ್ಸು ಹೊರಡಿಸುವುದು ಅವರೇ. ಸಂಜೆ ಅದು ಮರಳುವವರೆಗೆ ಮೂಕನಾಗಿ ಟೀ ಹೀರುತ್ತಾ ಕೂರುತ್ತಾನೆ.

"ನಿನ್ನೆ ಮೊನ್ನೆ ಬಂದವ್ರನ್ನ ಇಷ್ಟೊಂದು ನಂಬ್ತಾರೇನ್ರೀ?" ಎಂದು ಇವತ್ತೂ ಜಗಳ ತೆಗೆದೆ.

"ನಂಬದಿದ್ರೆ ಅವ್ರು ಕಲಿಯೋದ್ಯಾವಾಗ ಮೇಡಂ?" ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದ.

ಹೊರಗೆ ಅವನ ದನಿ ಕುಡಿದ ಹುಡುಗನ ಸುತ್ತ ಎಲ್ಲರೂ ನಗುತ್ತಿದ್ದರು. ನನ್ನ ದನಿ ಬೇಕೆಂದು ಇಪ್ಪತ್ತು ವರ್ಷದಲ್ಲಿ ಒಬ್ಬರೂ ಬಂದಿಲ್ಲ. ಹೊಟ್ಟೆಕಿಚ್ಚು ತಡೆಯಲಾರದೆ ನಾನೂ ಒಂದು ಲೋಟ ತುಂಬಿಸಿ, ಹೋದ ತಿಂಗಳು ಸೇರಿದ ಶಮೀನಾಳ ಕೈಗಿಟ್ಟೆ.

ಕುಡಿದು ಅಂಗಳಕ್ಕಿಳಿದಳು. "ಜವರಣ್ಣ, ನಿನ್ನೆ ಕೆಟ್ಟ ಬಸ್ಸನ್ನ ಹುಷಾರಾಗಿ ತಂದ್ರಂತಲ್ಲ, ಭೇಷ್! ಇನ್ನು ಹೊರಡಿ" ಎಂದಿತು ನನ್ನ ದನಿ.

ಆ ದನಿಗೆ ಸದಾ ತಲೆ ತಗ್ಗಿಸುತ್ತಿದ್ದ ಡ್ರೈವರ್ ಜವರಣ್ಣ, ಅವಳತ್ತ ನೋಡಿ ಬಾಯ್ತುಂಬ ನಕ್ಕ.

ಈಗಲೇ ವಾಪಸ್ ಕೊಡೇ ಎಂದು ಕೂಗಲು ಬಾಯಿ ತೆರೆದೆ. ಬರೀ ಗಾಳಿ ಬಂತು. ಮರಿಸ್ವಾಮಿ ತನ್ನ ಸ್ಲೇಟನ್ನು ಒರೆಸಿ, ಮೆಲ್ಲಗೆ ನನ್ನತ್ತ ತಳ್ಳಿದ.