ಕೈ ಆಚೆನಾ?

ಆನೆಯನ್ನೂ ರಾಗಿರೊಟ್ಟಿ ಮಾಡಬಲ್ಲ ಪ್ರೆಸ್ ಮೆಷಿನ್ನಿನ ಪೆಡಲ್ ತುಳಿಯಲು ಚಿಕ್ಕಬೀರಯ್ಯ ಕಾಲೆತ್ತಿದ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಅವನೇ ಪಳಗಿಸಿದ್ದ ರಾಕ್ಷಸ ಅದು. ಮಾಲೀಕರ ಮನೆತನದವರು ಈಗ ಅದಕ್ಕೆ ಬಣ್ಣ ಬಳಿದು, ತಮ್ಮ ಕಲಾ ಮ್ಯೂಸಿಯಂನಲ್ಲಿ ಶಿಲ್ಪವೆಂದು ನಿಲ್ಲಿಸಿದ್ದರು. ಪೆಡಲ್ ತುಳಿದರೆ ಮೇಲಿನ ಭಾರಿ ಅಚ್ಚು ಈಗಲೂ ಬೀಳುವಂತಿತ್ತು.

“ಇದ್ರ ಸದ್ದಿಗೆ ಚೇಳೂರಲ್ಲಿ ತೆಂಗಿನಕಾಯಿ ಉದುರೋವು ಕಣವ್ವಾ!”

“ಬುಡು ತಾತ, ಬರೀ ಸುಳ್ಳು!” ಮೆಷಿನ್ನಿನ ಎದುರು ಬದಿಯಲ್ಲಿದ್ದ ಮೊಮ್ಮಗಳು ಯಶಸ್ವಿನಿ ಮೊಬೈಲ್ ಹಿಡಿದು ನಕ್ಕಳು.

ತುಳಿಯುವ ಮುನ್ನ, ಕೈ ಅಚ್ಚಿನಿಂದ ಹೊರಗಿದೆಯೇ ಎಂದು ಎದುರಿನ ಜೊತೆಗಾರನನ್ನು ಕೇಳುವುದು ಆ ಕೆಲಸದ ರೂಢಿ. ಚಿಕ್ಕಬೀರಯ್ಯನ ಬಾಯಿ ತಾನಾಗಿ ಕೂಗಿತು: “ಮೂಡ್ಲಾ, ಕೈ ಆಚೆನಾ?”

ಆಗಿನ ಜೊತೆಗಾರ ಮೂಡಲಗಿರಿಯಪ್ಪ ಸತ್ತು ಎಷ್ಟೋ ವರ್ಷಗಳಾಗಿದ್ದವು. ಆದರೂ ಮೆಷಿನ್ನಿನ ಹಿಂದಿನಿಂದ, ಸತ್ತವರನ್ನೂ ಎಬ್ಬಿಸುವಂಥ ಅವನ ಒಡಕು ದನಿ ಬಂತು.

“ತಡಿಯೋ ಬೀರಾ, ಒಳಗೈತೆ!”

ಕಾಲು ಗಾಳಿಯಲ್ಲೇ ನಿಂತಿತು. ಚಿಕ್ಕಬೀರಯ್ಯ ಬಗ್ಗಿ ನೋಡಿದ. ಯಶಸ್ವಿನಿ ಫೋಟೋಗೆಂದು ಅಂಗೈಯನ್ನು ಅಚ್ಚಿನಡಿ ಚಾಚಿದ್ದಳು.