ಕುಲುಕಿ ನೋಡಿದ ಕಾರು

ರೇಸ್ ಸಂಘದ ಅಧಿಕಾರಿ ಸೂರ್ಯಪ್ರಕಾಶ್ ಕಾರಿಗೆ ಸೀಲ್ ಒತ್ತಿ ಸಹಿ ಹಾಕಿದ್ದೇ ತಡ, ಗ್ಯಾರೇಜಿನ ಪಕ್ಕದ ಕೊಬ್ಬರಿ ಮಂಡಿಯ ದೊಡ್ಡರಂಗಯ್ಯ ಬಾಗಿಲಿಗೆ ಕಿವಿಯಿಟ್ಟು ಕಾರನ್ನು ಎರಡೂ ಕೈಯಿಂದ ಕುಲುಕಿದರು. ಅಟ್ಟದ ಕಾಯಿ ಒಳಗೆ ಒಣಗಿ ಕೊಬ್ಬರಿಯಾಗಿದೆಯೇ ಎಂದು ನಲವತ್ತು ವರ್ಷದಿಂದ ಹೀಗೇ ಕುಲುಕಿ ಹೇಳುತ್ತಿದ್ದವರು. ಎದುರಿಗೆ ಏನು ಸಿಕ್ಕರೂ ಕುಲುಕದೆ ಬಿಡುತ್ತಿರಲಿಲ್ಲ.

"ಕಾಯಾಗಿದ್ರೆ ಸುಲೀಬೋದಿತ್ತು ಕಣಪ್ಪ ಗೌಸು," ಎಂದರು. "ಒಳಗೆ ಲೊಟಲೊಟ ಅಂತೈತೆ."

ಮೆಕ್ಯಾನಿಕ್ ಗೌಸ್ ಪೀರ್‌ಗೆ ಆ ಸದ್ದಿನ ಗುರುತು ಸಿಕ್ಕಿತು. ಮೂರು ದಿನದಿಂದ ಮನೆಮಂದಿಯನ್ನೆಲ್ಲ ಬೈದು ಹುಡುಕುತ್ತಿದ್ದ ಹದಿನೇಳನೇ ನಂಬರ್ ಸ್ಪ್ಯಾನರ್ ಬಾಗಿಲ ಕೆಳಗಿನ ದಪ್ಪ ಪೈಪಿನೊಳಗಿತ್ತು. ಆ ಪೈಪಿನ ಬಾಯಿಗೆ ವೆಲ್ಡಿಂಗ್ ಹೊಡೆದು ಮುಚ್ಚಿದವನೂ ಅವನೇ. ಗುಜರಿ ಎಂಜಿನ್ ಹಾಕಿ ಕಡಿಮೆ ಖರ್ಚಿನಲ್ಲಿ ಅವನು ಕಟ್ಟಿದ ಮಾದರಿ ಕಾರು ಅದು. ರಾಷ್ಟ್ರೀಯ ರೇಸಿಗೆ ಇಂಥವೇ ಇನ್ನೂ ಹನ್ನೊಂದು ಬೇಕಿತ್ತು. ನಟ್ಟು ಬೋಲ್ಟಿನಿಂದ ತೂಕದವರೆಗೆ ಎಲ್ಲವೂ ಈ ಮಾದರಿಯಂತೆಯೇ ಇರಬೇಕೆಂಬುದು ಸಂಘದ ನಿಯಮ. ಪೈಪ್ ಕೊಯ್ದು ಸ್ಪ್ಯಾನರ್ ತೆಗೆಯಲು ಸೀಲ್ ಒಡೆದರೆ ತಪಾಸಣೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ರೇಸೇ ಮುಗಿದಿರುತ್ತಿತ್ತು.

"ಏನ್ರೀ ಅದು ಸದ್ದು?" ಸೂರ್ಯಪ್ರಕಾಶ್ ಕೇಳಿದರು.

"ಸ್ಪ್ಯಾನರ್ ಸಾರ್. ಮರೆತು ಒಳಗೇ ಬಿಟ್ಬುಟ್ಟಿವ್ನಿ."

ಸೂರ್ಯಪ್ರಕಾಶ್ ಸೀಲನ್ನೊಮ್ಮೆ, ತಮ್ಮ ಸಹಿಯನ್ನೊಮ್ಮೆ, ಈಗಾಗಲೇ ಬರೆದಿಟ್ಟ ತೂಕವನ್ನೊಮ್ಮೆ ನೋಡಿದರು. ಊರಿಗೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು. ಪೆನ್ನಿನ ಮುಚ್ಚಳ ಮತ್ತೆ ತೆಗೆದು, ಬಿಡಿಭಾಗಗಳ ಪಟ್ಟಿಯ ಕೊನೆಯಲ್ಲಿ ದುಂಡಗೆ ಬರೆದರು: 'ಹದಿನೇಳನೇ ನಂಬರ್ ಸ್ಪ್ಯಾನರ್, ಪ್ರತಿ ಕಾರಿನ ಪೈಪಿನೊಳಗೂ ಒಂದು.'