ಕೋಟಿನ ಮೇಲಿನ ಹೆಸರು

ಸೂಕ್ಷ್ಮದರ್ಶಕದ ಬೆಳಕಿನೊಳಗೆ ಎಂಟು ಕಾಲಿನ ಜೀವಿಯೊಂದು ಪುಟ್ಟ ಕರಡಿಯ ಹಾಗೆ ಮೈ ತೂಗುತ್ತ ನಡೆದು ಬಂತು. ನಲ್ಲಿಯ ಬುಡದ ಪಾಚಿಯಿಂದ ಹಿಂಡಿದ ಒಂದೇ ಹನಿ ನೀರು ಅದರ ಲೋಕ. ಮಸೂರಕ್ಕೆ ಕಣ್ಣು ಒತ್ತಿದ್ದ ಅವಳು ಉಸಿರಾಡುವುದನ್ನೇ ಮರೆತಳು. "ಅಯ್ಯೋ, ಬನ್ರೇ ಇಲ್ಲಿ! ಇದಕ್ಕೆ ಉಗುರೂ ಇದೆ!" ಎಂದು ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಹುಳಹುಪ್ಪಟೆ ಕಂಡಲ್ಲೆಲ್ಲ ಕೂತುಬಿಡುತ್ತಿದ್ದ ಅವಳಿಗೆ ಶಾಲೆಯವರು 'ಹುಳ' ಎಂದೇ ಹೆಸರಿಟ್ಟಿದ್ದರು. ಹೊಸ ಕಾಲೇಜಿನಲ್ಲಾದರೂ ಆ ಹೆಸರು ಬೆನ್ನು ಹತ್ತದಿರಲಿ ಎಂದು ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಈಗ ಪ್ರಯೋಗಾಲಯದ ಬಿಳಿ ಕೋಟುಗಳೆಲ್ಲ ಅವಳತ್ತ ತಿರುಗಿದವು.

"ಒಂದು ಹುಳಕ್ಕೆ ಇಷ್ಟು ಗಲಾಟೆನಾ?" ಪಕ್ಕದ ಬೆಂಚಿನ ಹುಡುಗಿ ಕಿಸಕ್ಕನೆ ನಕ್ಕಳು. "ನೀನೇನು ಹುಳಾನೇನೇ?"

ಅವಳು ಮತ್ತೆ ತನ್ನ ಸೂಕ್ಷ್ಮದರ್ಶಕದತ್ತ ಬಗ್ಗಿ ನೋಡಿದಳು. ಆ ಜೀವಿ ಯಾರ ಗೊಡವೆಯೂ ಇಲ್ಲದೆ ನಡೆಯುತ್ತಲೇ ಇತ್ತು. ಪೆನ್ನು ತೆಗೆದು, ತನ್ನ ಕೋಟಿಗೆ ಅಂಟಿಸಿದ್ದ ಖಾಲಿ ಹೆಸರಿನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ಹುಳ' ಎಂದು ಬರೆದಳು.

"ಹೂಂ ಕಣೇ, ಹುಳಾನೇ. ಬಾ, ನೀನೂ ನೋಡು."

ಹುಡುಗಿ ನಗುತ್ತಲೇ ಬಗ್ಗಿದಳು. ನಗು ಅರ್ಧಕ್ಕೇ ನಿಂತಿತು. ಕಣ್ಣು ಕೀಳದೆಯೇ ಪಿಸುಗುಟ್ಟಿದಳು: "ಲೇ ಹುಳ, ಇದು ನಮ್ಮನ್ನೇ ನೋಡ್ತಿದೆಯೇನೇ?"